ಕಡಿಮೆ ವಿಕಿರಣ ಬಿದ್ದಾಗ ಆರೋಗ್ಯವಂತ ಕೋಶ ಏನು ಮಾಡುತ್ತದೆ, ಕ್ಯಾನ್ಸರ್ ಕೋಶ ಏನು ಮಾಡುತ್ತದೆ

ಆಸ್ಪತ್ರೆಯಲ್ಲಿ ಜನ 'ಕರೆಂಟ್ ಕೊಡ್ತಾರೆ' ಎನ್ನುವ ರೇಡಿಯೋಥೆರಪಿಯಲ್ಲಿ ಗಡ್ಡೆಗೆ ಸಾಮಾನ್ಯವಾಗಿ ದಿನಕ್ಕೆ 2 ಗ್ರೇ, ವಾರಕ್ಕೆ ಐದು ದಿನ, ಹೀಗೆ ಐದಾರು ವಾರ ವಿಕಿರಣ ಬೀಳುತ್ತದೆ. ಒಟ್ಟು 50ರಿಂದ 60 ಗ್ರೇ. ಹೊಟ್ಟೆಯ ಒಂದು ಸಿ.ಟಿ. ಸ್ಕ್ಯಾನಿನಲ್ಲಿ ಒಳಗಿನ ಅಂಗಗಳಿಗೆ ಬೀಳುವುದು 10 ಮಿಲಿಗ್ರೇ ಆಸುಪಾಸು, ಅಂದರೆ ಗ್ರೇಯ ನೂರನೇ ಒಂದು ಪಾಲು. ಎದೆಯ ಎಕ್ಸ್‌ರೇ ಅದರಲ್ಲೂ ನೂರನೇ ಒಂದು ಪಾಲಿನಷ್ಟು.

ಒಂದು ಕಿಲೋ ಅಂಗಾಂಶ ಒಂದು ಜೂಲ್ ಶಕ್ತಿಯನ್ನು ಹೀರಿಕೊಂಡರೆ ಅದು ಒಂದು ಗ್ರೇ. ಶಾಖವಾಗಿ ನೋಡಿದರೆ ಇದು ಲೆಕ್ಕಕ್ಕೇ ಇಲ್ಲ: ಒಂದು ಕಿಲೋ ನೀರು ಇಷ್ಟು ಶಕ್ತಿಗೆ ಒಂದು ಡಿಗ್ರಿಯ ನಾಲ್ಕು ಸಾವಿರದಲ್ಲೊಂದು ಪಾಲಿನಷ್ಟೂ ಬಿಸಿಯಾಗದು. ಆದರೂ ಇಡೀ ದೇಹಕ್ಕೆ ಒಮ್ಮೆಲೇ 4 ಗ್ರೇ ಆಸುಪಾಸು ಬಿದ್ದು ಚಿಕಿತ್ಸೆ ಸಿಗದಿದ್ದರೆ ಅರ್ಧದಷ್ಟು ಜನ ಬದುಕುವುದಿಲ್ಲ. ಶಕ್ತಿ ಎಷ್ಟು ಬಿತ್ತು ಎನ್ನುವುದಕ್ಕಿಂತ ಎಲ್ಲಿ ಬಿತ್ತು, ಎಷ್ಟು ಇಕ್ಕಟ್ಟಾಗಿ ಬಿತ್ತು ಎನ್ನುವುದೇ ಇಲ್ಲಿ ಮುಖ್ಯ.

'ಕಡಿಮೆ' ಎನ್ನುವುದಕ್ಕೂ ಎರಡು ಅಳತೆಗೋಲುಗಳಿವೆ, ಸುದ್ದಿಗಳಲ್ಲಿ ಅವೆರಡೂ ಕಲಸಿಹೋಗುತ್ತವೆ. ವಿಕಿರಣ ಸುರಕ್ಷತೆಯವರಿಗೆ ಕಡಿಮೆ ಎಂದರೆ 100 ಮಿಲಿಗ್ರೇ ಒಳಗೆ. ರೇಡಿಯೋಥೆರಪಿಯವರಿಗೆ 0.5 ಗ್ರೇ, ಕೆಲವೊಮ್ಮೆ 1 ಗ್ರೇ ಕೂಡ ಕಡಿಮೆಯೇ. ಗಡ್ಡೆಯ ಮೇಲೆ 1 ಗ್ರೇ ಪ್ರಯೋಗಿಸಿದ ವರದಿಯನ್ನು ಓದಿ ಸಿ.ಟಿ. ಸ್ಕ್ಯಾನ್ ಒಳ್ಳೆಯದು ಅಂದುಕೊಂಡರೆ, ನೂರು ಪಟ್ಟು ತಪ್ಪಿದಂತೆ.

ಜನರಲ್ಲಿ ಎರಡು ನಂಬಿಕೆಗಳಿವೆ. ಸ್ವಲ್ಪ ವಿಕಿರಣ ಎಂದರೆ ಸ್ವಲ್ಪ ಹಾನಿ, ಅಷ್ಟೇ ಎನ್ನುವುದು ಒಂದು. ಸ್ವಲ್ಪ ವಿಕಿರಣ ಕ್ಯಾನ್ಸರ್ ಕೋಶವನ್ನು ಕೊಂದು ಒಳ್ಳೆಯ ಕೋಶವನ್ನು ಗಟ್ಟಿ ಮಾಡುತ್ತದೆ ಎನ್ನುವುದು ಇನ್ನೊಂದು. ಮೊದಲನೆಯದು ಅರ್ಧ ಸರಿ, ಎರಡನೆಯದು ಕಾಲುಭಾಗವೂ ಸರಿಯಿಲ್ಲ. ಪೆಟ್ಟು ಎರಡೂ ಕೋಶಗಳಿಗೆ ಒಂದೇ ತರಹ ಬೀಳುತ್ತದೆ. ಪೆಟ್ಟು ಬಿದ್ದದ್ದು ಕೋಶಕ್ಕೆ ಗೊತ್ತಾಗುತ್ತದೆಯೇ, ಗೊತ್ತಾದ ಮೇಲೆ ಅದು ಏನು ಮಾಡುತ್ತದೆ, ವ್ಯತ್ಯಾಸ ಇರುವುದು ಅಲ್ಲಿ.

ಪೆಟ್ಟಿನ ಲೆಕ್ಕ

ಎಕ್ಸ್‌ರೇ ಅಥವಾ ಗಾಮಾ ಕಿರಣ ಅಂಗಾಂಶದೊಳಗೆ ಎಲೆಕ್ಟ್ರಾನುಗಳನ್ನು ಕಿತ್ತು ಓಡಿಸುತ್ತದೆ. ಆ ಎಲೆಕ್ಟ್ರಾನುಗಳಲ್ಲಿ ಕೆಲವು ನೇರವಾಗಿ ಡಿಎನ್‌ಎಗೆ ತಾಗುತ್ತವೆ. ಆದರೆ ಸುಮಾರು ಮೂರನೇ ಎರಡು ಪಾಲು ಹಾನಿ ಬಳಸುದಾರಿಯಲ್ಲಿ ಆಗುತ್ತದೆ: ಕೋಶದಲ್ಲಿರುವ ನೀರು ಒಡೆದು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ, ಸಿಕ್ಕಿದ್ದರ ಮೇಲೆ ಎರಗುವ ಆ ಚೂರು ಪಕ್ಕದಲ್ಲಿರುವ ಡಿಎನ್‌ಎಯನ್ನು ಕಡಿಯುತ್ತದೆ. 1 ಗ್ರೇ ಬಿದ್ದ ಒಂದು ಕೋಶದಲ್ಲಿ ಸುಮಾರು 1,000 ಕಡೆ ಡಿಎನ್‌ಎಯ ಒಂದು ಎಳೆ ತುಂಡಾಗುತ್ತದೆ, 35ರಿಂದ 40 ಕಡೆ ಎರಡೂ ಎಳೆಗಳು ಒಟ್ಟಿಗೆ ತುಂಡಾಗುತ್ತವೆ. ಒಂದೆಳೆಯ ತುಂಡು ದೊಡ್ಡ ವಿಷಯವಲ್ಲ. ಉಸಿರಾಟದಿಂದ ಹುಟ್ಟುವ ರ‍್ಯಾಡಿಕಲ್‌ಗಳಿಂದಲೇ ಅಂಥವು ದಿನಕ್ಕೆ ಸಾವಿರಾರು ಆಗುತ್ತವೆ. ಎದುರಿನ ಎಳೆಯನ್ನು ನೋಡಿಕೊಂಡು ಕೋಶ ಸರಿಮಾಡಿಕೊಳ್ಳುತ್ತದೆ. ಜೋಡಿ ಎಳೆ ತುಂಡಾದಾಗ ನೋಡಿಕೊಳ್ಳಲು ಎದುರಿನ ಎಳೆಯೂ ಇರುವುದಿಲ್ಲ. ಸಾವಿಗೂ ಮ್ಯುಟೇಶನ್‌ಗೂ ಮುಖ್ಯ ಕಾರಣ ಇದೇ.

ಈಗ ಪ್ರಮಾಣವನ್ನು 1 ಮಿಲಿಗ್ರೇಗೆ ಇಳಿಸಿ. ಆಗ ಪ್ರತಿ ಕೋಶಕೇಂದ್ರದ ಮೂಲಕ ಸರಾಸರಿ ಒಂದು ಎಲೆಕ್ಟ್ರಾನ್ ಹಾದುಹೋಗುತ್ತದೆ, ಸುಮಾರು 25 ಕೋಶಗಳಲ್ಲಿ ಒಂದಕ್ಕೆ ಒಂದು ಜೋಡಿ ತುಂಡು ಆಗುತ್ತದೆ. 0.1 ಮಿಲಿಗ್ರೇಗೆ ಇಳಿಸಿದರೆ ಹತ್ತರಲ್ಲಿ ಒಂಬತ್ತು ಕೋಶಗಳಿಗೆ ಏನೂ ತಾಗಿರುವುದಿಲ್ಲ, ತಾಗಿದ ಒಂದಕ್ಕೆ ಮಾತ್ರ ಹಿಂದಿನಷ್ಟೇ ಪೆಟ್ಟು. ಇಷ್ಟು ಕೆಳಗೆ ಬಂದ ಮೇಲೆ ಕಡಿಮೆಯಾಗುವುದು ಪೆಟ್ಟು ತಿಂದ ಕೋಶಗಳ ಸಂಖ್ಯೆಯೇ ಹೊರತು ಒಂದೊಂದು ಪೆಟ್ಟಿನ ಗಾತ್ರವಲ್ಲ. ಮಾಪಕ ತೋರಿಸುವ ಸರಾಸರಿ ಯಾವ ಕೋಶದ ಅನುಭವಕ್ಕೂ ಬರುವುದಿಲ್ಲ.

ಈ ತುಂಡುಗಳನ್ನು ಎಣಿಸಲು 1998ರಲ್ಲಿ ಒಂದು ದಾರಿ ಸಿಕ್ಕಿತು. ಜೋಡಿ ತುಂಡಾದ ಕಡೆ ಎಚ್‌2ಎಎಕ್ಸ್ ಎಂಬ ಪ್ರೋಟೀನಿಗೆ ಫಾಸ್ಫೇಟ್ ಗುಂಪು ಸೇರುತ್ತದೆ. ಆಚೆ ಈಚೆ ಲಕ್ಷಾಂತರ ಅಕ್ಷರಗಳ ಉದ್ದಕ್ಕೂ ಇದು ಹರಡುವುದರಿಂದ, ಹೊಳೆಯುವ ಪ್ರತಿಕಾಯ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದೊಂದು ತುಂಡೂ ಒಂದೊಂದು ಚುಕ್ಕಿಯಾಗಿ ಕಾಣುತ್ತದೆ. ಎಣಿಸಬೇಕಾದದ್ದು ವಿಕಿರಣ ಬಿದ್ದ ಅರ್ಧ ಗಂಟೆಯ ಆಸುಪಾಸಿನಲ್ಲಿ. ತಡಮಾಡಿದರೆ ರಿಪೇರಿ ಮುಗಿದು ಚುಕ್ಕಿಗಳು ಮಾಯವಾಗಿರುತ್ತವೆ. ಡಿಎನ್‌ಎ ನಕಲು ಮಾಡುತ್ತಿರುವ ಕೋಶಗಳಲ್ಲಿ ವಿಕಿರಣವಿಲ್ಲದೆಯೂ ಚುಕ್ಕಿಗಳಿರುತ್ತವೆ, ಅವು ಎಣಿಕೆಯಲ್ಲಿ ಸೇರಿಕೊಂಡರೆ 1 ಮಿಲಿಗ್ರೇಯ ಪರಿಣಾಮ ಅದರಲ್ಲೇ ಮುಳುಗಿಹೋಗುತ್ತದೆ. ಹಾಗಾಗಿ ವಿಭಜನೆ ನಿಲ್ಲಿಸಿರುವ ಕೋಶಗಳನ್ನೇ ತೆಗೆದುಕೊಂಡು, ನೂರಾರು ಕೋಶಗಳನ್ನು ಒಂದೊಂದಾಗಿ ಎಣಿಸಬೇಕು.

ಹೀಗೆ ಎಣಿಸಿದ ರೋಥ್‌ಕಾಮ್ ಮತ್ತು ಲೋಬ್ರಿಚ್ 2003ರಲ್ಲಿ ಎರಡು ಸಂಗತಿ ಹೇಳಿದರು. 1 ಮಿಲಿಗ್ರೇವರೆಗೂ ತುಂಡುಗಳ ಸಂಖ್ಯೆ ಪ್ರಮಾಣಕ್ಕೆ ತಕ್ಕಂತೆ ನೇರವಾಗಿ ಇಳಿಯುತ್ತದೆ. ಅಂದರೆ 'ಇದಕ್ಕಿಂತ ಕೆಳಗೆ ಪೆಟ್ಟೇ ಇಲ್ಲ' ಎನ್ನುವ ಗೆರೆ ಇಲ್ಲ. ಎರಡನೆಯದು ಯಾರೂ ನಿರೀಕ್ಷಿಸಿರಲಿಲ್ಲ. ಹೆಚ್ಚು ಪ್ರಮಾಣದಲ್ಲಿ ಬಹುಪಾಲು ತುಂಡುಗಳನ್ನು ದಿನದೊಳಗೆ ಜೋಡಿಸಿಕೊಳ್ಳುವ ಅದೇ ಆರೋಗ್ಯವಂತ ಫೈಬ್ರೋಬ್ಲಾಸ್ಟ್ ಕೋಶಗಳು (ಅಂಗಾಂಶವನ್ನು ಕಟ್ಟಿಹಿಡಿಯುವ ಕೋಶಗಳು), ಸುಮಾರು 1 ಮಿಲಿಗ್ರೇಯಿಂದ ಆದ ತುಂಡುಗಳನ್ನು ದಿನಗಟ್ಟಲೆ ಹಾಗೆಯೇ ಬಿಟ್ಟಿದ್ದವು. ಆಮೇಲೆ ಆ ಕೋಶಗಳನ್ನು ಬೆಳೆಯಲು ಬಿಟ್ಟಾಗ, ತುಂಡು ಹೊತ್ತಿದ್ದವು ಗುಂಪಿನಿಂದ ಕಣ್ಮರೆಯಾದವು. ರಿಪೇರಿ ಮಾಡಿ ತಪ್ಪು ಮಾಡುವುದಕ್ಕಿಂತ ಅಂಥ ಒಂದೆರಡು ಕೋಶಗಳನ್ನು ಕಳೆದುಕೊಳ್ಳುವುದೇ ಅಂಗಾಂಶಕ್ಕೆ ಲಾಭ ಎಂದು ಇದನ್ನು ಅರ್ಥ ಮಾಡಬಹುದು.

0.3 ಗ್ರೇ ಕೆಳಗಿನ ತಿರುವು

ವಿಕಿರಣ ಹೆಚ್ಚಿದಂತೆ ಸಾಯುವ ಕೋಶಗಳೂ ಹೆಚ್ಚಬೇಕು. 1993ರಲ್ಲಿ ಇಂಗ್ಲೆಂಡಿನ ಗ್ರೇ ಪ್ರಯೋಗಾಲಯದಲ್ಲಿ ಬ್ರಯನ್ ಮಾರ್ಪಲ್ಸ್ ಮತ್ತು ಮೈಕೆಲ್ ಜಾಯ್ನರ್ ಚೀನೀ ಹ್ಯಾಮ್‌ಸ್ಟರ್ ಕೋಶಗಳಲ್ಲಿ ಕಂಡದ್ದು ಬೇರೆ. ಸುಮಾರು 0.2–0.3 ಗ್ರೇವರೆಗೆ ಕೋಶಗಳು ನಿರೀಕ್ಷಿಸಿದ್ದಕ್ಕಿಂತ ಹೆಚ್ಚು ಸತ್ತವು. ಅಲ್ಲಿಂದ ಮುಂದೆ, 0.5 ಗ್ರೇ ಆಸುಪಾಸಿನವರೆಗೆ, ವಿಕಿರಣ ಹೆಚ್ಚಿಸಿದರೂ ಬದುಕುಳಿದವುಗಳ ಪ್ರಮಾಣ ಇಳಿಯಲಿಲ್ಲ, ಕೊಂಚ ಏರಿತು. 1 ಗ್ರೇ ದಾಟಿದ ಮೇಲೆ ಮತ್ತೆ ಮಾಮೂಲಿ ಇಳಿಜಾರು.

ಮೊದಲೇ ಏಕೆ ಯಾರಿಗೂ ಕಾಣಲಿಲ್ಲ? ಕೋಶ ಸತ್ತಿತೋ ಬದುಕಿತೋ ನೋಡುವ ವಿಧಾನ 1956ರದು. ತಟ್ಟೆಯಲ್ಲಿ ಕೋಶಗಳನ್ನು ಬಿತ್ತಿ, ವಿಕಿರಣ ಕೊಟ್ಟು, 10ರಿಂದ 14 ದಿನ ಬಿಟ್ಟು, ಬಣ್ಣ ಹಾಕಿ, 50ಕ್ಕಿಂತ ಹೆಚ್ಚು ಕೋಶಗಳಾಗಿ ಬೆಳೆದ ಗುಂಪುಗಳನ್ನು ಎಣಿಸುವುದು. ಬಿತ್ತಿದ್ದೆಷ್ಟು ಎನ್ನುವುದು ದ್ರಾವಣ ತೆಳುಮಾಡಿದ ಲೆಕ್ಕದಿಂದ ಬರುತ್ತದೆ, ಪಿಪೆಟ್ ಕೈಯಲ್ಲಿ ಶೇ. 5–10ರಷ್ಟು ಆಚೀಚೆ ಆಗುವುದು ಸಾಮಾನ್ಯ. 5 ಗ್ರೇ ಕೊಟ್ಟು ನೂರಕ್ಕೆ ಹತ್ತು ಉಳಿದವೇ ಒಂದು ಉಳಿಯಿತೇ ಎಂದು ನೋಡುವವರಿಗೆ ಅದು ಸಾಕು. ಆದರೆ 0.2 ಗ್ರೇಯಲ್ಲಿ ನೂರಕ್ಕೆ 97 ಉಳಿದವೋ 90 ಉಳಿದವೋ ಎನ್ನುವ ಪ್ರಶ್ನೆ ಆ ತಪ್ಪಿನೊಳಗೇ ಕಳೆದುಹೋಗುತ್ತದೆ. ಮಾರ್ಪಲ್ಸ್ ಮತ್ತು ಜಾಯ್ನರ್ ಕಂಪ್ಯೂಟರ್ ಜೋಡಿಸಿದ ಸೂಕ್ಷ್ಮದರ್ಶಕದಲ್ಲಿ ತಟ್ಟೆಯ ಪ್ರತಿ ಕೋಶದ ಜಾಗವನ್ನೂ ಗುರುತು ಹಾಕಿಕೊಂಡು, ದಿನಗಳ ನಂತರ ಅದೇ ಜಾಗಕ್ಕೆ ಹೋಗಿ ನೋಡಿದರು. ಅಂದಾಜಿನ ಜಾಗದಲ್ಲಿ ನಿಜವಾದ ಎಣಿಕೆ ಬಂದಾಗ ಈ ತಿರುವು ಹೊರಬಿತ್ತು.

ಕಾರಣ ಕೋಶಚಕ್ರದಲ್ಲಿದೆ, ಅಂದರೆ ಕೋಶ ಬೆಳೆದು ಎರಡಾಗುವ ಸರದಿಯಲ್ಲಿ. ಡಿಎನ್‌ಎ ಇಮ್ಮಡಿ ಮಾಡಿಕೊಂಡು ಒಡೆಯಲು ಕಾಯುತ್ತಿರುವ ಹಂತಕ್ಕೆ ಜಿ2 ಎನ್ನುತ್ತಾರೆ. ಅಲ್ಲಿ ಒಂದು ತಪಾಸಣೆ ಇದೆ. ತುಂಡಾದ ಡಿಎನ್‌ಎ ಕಂಡರೆ ಎಟಿಎಂ ಎಂಬ ಕಿಣ್ವ (ಬ್ಯಾಂಕಿನದಲ್ಲ) ಎಚ್ಚರಗೊಂಡು ವಿಭಜನೆಯನ್ನು ತಡೆಹಿಡಿಯುತ್ತದೆ. ಆದರೆ ಒಂದೆರಡು ತುಂಡಿಗೆ ಈ ತಡೆ ಬೀಳುವುದಿಲ್ಲ. ಹತ್ತರಿಂದ ಇಪ್ಪತ್ತು ಜೋಡಿ ತುಂಡುಗಳಾದರೂ ಆಗಬೇಕು. ಜಿ2 ಕೋಶದಲ್ಲಿ ಡಿಎನ್‌ಎ ಇಮ್ಮಡಿ ಇರುವುದರಿಂದ 0.2 ಗ್ರೇಗೆ ಸುಮಾರು 15 ತುಂಡುಗಳು, ಲೆಕ್ಕ ಅಲ್ಲಿಗೆ ಸರಿಹೊಂದುತ್ತದೆ. ಅದಕ್ಕಿಂತ ಕೆಳಗೆ ಕೋಶ ತುಂಡಾದ ಡಿಎನ್‌ಎಯನ್ನು ಹೊತ್ತುಕೊಂಡೇ ವಿಭಜನೆಗೆ ನುಗ್ಗುತ್ತದೆ, ಅಲ್ಲೇ ಸಾಯುತ್ತದೆ. ಅದಕ್ಕಿಂತ ಮೇಲೆ ತಡೆ ಬೀಳುತ್ತದೆ, ರಿಪೇರಿಗೆ ಸಮಯ ಸಿಗುತ್ತದೆ, ಹೆಚ್ಚು ಪೆಟ್ಟು ತಿಂದರೂ ಹೆಚ್ಚು ಕೋಶಗಳು ಉಳಿಯುತ್ತವೆ.

ಚಿಕಿತ್ಸೆಗೆ ಇದನ್ನು ಬಳಸಬಹುದಲ್ಲ ಎಂಬ ಆಸೆ ಸಹಜ. ಮೆದುಳಿನ ಗ್ಲಯೋಮಾ ಎಂಬ ಗಡ್ಡೆಯಿಂದ ಬಂದ ಟಿ98ಜಿ ಕೋಶಗಳಲ್ಲಿ ಈ ತಿರುವು ಬಹಳ ಸ್ಪಷ್ಟ, ದೊಡ್ಡ ಪ್ರಮಾಣಕ್ಕೆ ಮಾತ್ರ ಅವು ಬಲು ಮೊಂಡು. ಹಾಗಾಗಿ ಮರುಕಳಿಸಿದ ಗ್ಲಯೋಮಾಕ್ಕೆ ದಿನದ 2 ಗ್ರೇಯನ್ನು ಒಂದೇ ಸಲ ಕೊಡದೆ, 0.2 ಗ್ರೇಯ ಹತ್ತು ಕಂತುಗಳಾಗಿ ಮೂರು ಮೂರು ನಿಮಿಷದ ಅಂತರದಲ್ಲಿ ಕೊಡುವ ವಿಧಾನ ಬಂದಿದೆ. ಮೆದುಳಿನ ನರಕೋಶ ವಿಭಜನೆಯಾಗುವುದಿಲ್ಲ, ಜಿ2ಕ್ಕೆ ಬರುವುದೇ ಇಲ್ಲ, ಆದ್ದರಿಂದ ಈ ಬಲೆಗೆ ಅದು ಬೀಳುವುದಿಲ್ಲ ಎನ್ನುವುದು ಇದರ ಹಿಂದಿನ ತರ್ಕ. ಆದರೆ ಈ ಸೂಕ್ಷ್ಮತೆ ಕ್ಯಾನ್ಸರ್ ಕೋಶಗಳಿಗಷ್ಟೇ ಮೀಸಲಲ್ಲ. ಕೆಲವು ಕ್ಯಾನ್ಸರ್ ಕೋಶಗಳಲ್ಲಿ ಅದು ಇಲ್ಲವೇ ಇಲ್ಲ, ಚರ್ಮದ ಆರೋಗ್ಯವಂತ ಕೋಶಗಳಲ್ಲಿ ಇದೆ. ಈ ವಿಧಾನ ಇನ್ನೂ ಮಾಮೂಲಿ ಚಿಕಿತ್ಸೆಯಾಗದಿರಲು ಇದೂ ಒಂದು ಕಾರಣ.

ತಡೆ ಮುರಿದವರು

ಆರೋಗ್ಯವಂತ ಕೋಶದಲ್ಲಿ ಎಟಿಎಂ ಎಚ್ಚರವಾದರೆ ಪಿ53 ಎಂಬ ಪ್ರೋಟೀನ್ ಏರುತ್ತದೆ. ಮುಂದಿನದು ಕೋಶದ ಜಾತಿಗೆ ಬಿಟ್ಟದ್ದು. ಫೈಬ್ರೋಬ್ಲಾಸ್ಟ್ ನಿಂತು ರಿಪೇರಿ ಮಾಡಿಕೊಳ್ಳುತ್ತದೆ, ಇಲ್ಲವೇ ಶಾಶ್ವತವಾಗಿ ವಿಭಜನೆ ನಿಲ್ಲಿಸುತ್ತದೆ. ಲಿಂಫೋಸೈಟ್ ಎಂಬ ಬಿಳಿರಕ್ತಕಣ ರಿಪೇರಿಯ ಗೋಜಿಗೇ ಹೋಗದೆ ಕೆಲವೇ ಗಂಟೆಗಳಲ್ಲಿ ತನ್ನನ್ನು ತಾನೇ ಕೊಂದುಕೊಳ್ಳುತ್ತದೆ. ವೇಗವಾಗಿ ವಿಭಜನೆಯಾಗುವ ಕೋಶಗಳೇ ವಿಕಿರಣಕ್ಕೆ ಬೇಗ ಬಲಿಯಾಗುತ್ತವೆ ಎಂದು 1906ರಲ್ಲೇ ಬೆರ್ಗೋನಿಯೆ ಮತ್ತು ಟ್ರಿಬೊಂಡೋ ಹೇಳಿದ್ದರು. ವಿಭಜನೆಯೇ ಆಗದೆ ಸುಮ್ಮನಿರುವ ಲಿಂಫೋಸೈಟ್ ಆ ನಿಯಮಕ್ಕೆ ದೊಡ್ಡ ಅಪವಾದ.

ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಪಿ53 ಕೆಟ್ಟಿರುತ್ತದೆ. ಅಂಥ ಕೋಶ ಡಿಎನ್‌ಎ ನಕಲು ಶುರುವಾಗುವ ಮುಂಚಿನ ಮೊದಲ ತಪಾಸಣೆಯಲ್ಲಿ ನಿಲ್ಲುವುದಿಲ್ಲ. ಇದರಿಂದ ಎರಡು ವಿರುದ್ಧ ಫಲ ಬರುತ್ತದೆ. ದೊಡ್ಡ ಪ್ರಮಾಣ ಬಿದ್ದಾಗ ಹಾನಿ ಹೊತ್ತು ಮುನ್ನುಗ್ಗಿ ವಿಭಜನೆಯಲ್ಲಿ ಸಾಯುತ್ತದೆ. 2 ಗ್ರೇಯನ್ನು ದಿನದಿನವೂ ಕೊಡುವ ಚಿಕಿತ್ಸೆ ನಿಂತಿರುವುದು ಇದರ ಮೇಲೆ, ಮರುದಿನದೊಳಗೆ ಆರೋಗ್ಯವಂತ ಕೋಶ ಚೇತರಿಸಿಕೊಂಡಿರುತ್ತದೆ, ಗಡ್ಡೆಯ ಕೋಶ ಅಷ್ಟು ಚೇತರಿಸಿಕೊಂಡಿರುವುದಿಲ್ಲ. ಸಣ್ಣ ಪ್ರಮಾಣ ಬಿದ್ದಾಗ ಮಾತ್ರ ಆರೋಗ್ಯವಂತ ಕೋಶ ನಿಂತು ಯೋಚಿಸುವ ಹೊತ್ತಿಗೆ ಇದು ಮುಂದೆ ಹೋಗಿಬಿಟ್ಟಿರುತ್ತದೆ.

ಕ್ಯಾನ್ಸರ್ ಕೋಶ ಎಂಬ ಒಂದೇ ಜಾತಿ ಇಲ್ಲ ಎನ್ನುವುದನ್ನೂ ಇಲ್ಲೇ ಹೇಳಬೇಕು. ಲಿಂಫೋಸೈಟಿನಿಂದ ಹುಟ್ಟುವ ಫಾಲಿಕ್ಯುಲರ್ ಲಿಂಫೋಮಾ ಎಂಬ ಕ್ಯಾನ್ಸರ್ ಎರಡೇ ದಿನ 2 ಗ್ರೇಯಂತೆ ಒಟ್ಟು 4 ಗ್ರೇ ಕೊಟ್ಟರೂ ಹಲವರಲ್ಲಿ ಕರಗುತ್ತದೆ, ಏಕೆಂದರೆ ಅದರ ಕೋಶಕ್ಕೆ ಲಿಂಫೋಸೈಟಿನ ಆತ್ಮಹತ್ಯೆಯ ಗುಣ ಉಳಿದಿದೆ. ಮೆದುಳಿನ ಗ್ಲಯೋಬ್ಲಾಸ್ಟೋಮಾ 60 ಗ್ರೇ ತಿಂದೂ ಮರುಕಳಿಸುತ್ತದೆ.

ಅನ್ನನಾಳದ ಪೈಪೋಟಿ

ವಯಸ್ಸಾದಂತೆ ನಮ್ಮ ಅನ್ನನಾಳದ ಒಳಪದರದಲ್ಲಿ ಪಿ53 ಕೆಟ್ಟ ಕೋಶಗಳ ಪುಟ್ಟ ಪುಟ್ಟ ತೇಪೆಗಳು ಸೇರಿಕೊಳ್ಳುತ್ತವೆ. ಅವು ಕ್ಯಾನ್ಸರ್ ಅಲ್ಲ, ಬಹುತೇಕ ಆಗುವುದೂ ಇಲ್ಲ, ಆದರೆ ಅನ್ನನಾಳದ ಕ್ಯಾನ್ಸರ್ ಹುಟ್ಟುವುದು ಅಂಥ ಕೋಶಗಳಿಂದಲೇ. ಆ ಪದರದಲ್ಲಿ ಜಾಗ ಸೀಮಿತ. ಒಂದು ಕೋಶ ಪ್ರೌಢವಾಗಿ ಮೇಲಕ್ಕೆ ಹೋಗಿ ಉದುರಿದರೆ ಪಕ್ಕದ್ದು ವಿಭಜನೆಯಾಗಿ ಆ ಜಾಗ ಹಿಡಿಯುತ್ತದೆ. ಹೊಲದಲ್ಲಿ ಪೈರು ಸೊರಗಿದ ಕಡೆ ಕಳೆ ಹಬ್ಬುವ ಹಾಗೆ.

ಇಂಗ್ಲೆಂಡಿನ ವೆಲ್‌ಕಮ್ ಸ್ಯಾಂಗರ್ ಸಂಸ್ಥೆ ಮತ್ತು ಕೇಂಬ್ರಿಜ್ ವಿಶ್ವವಿದ್ಯಾಲಯದವರು 2019ರಲ್ಲಿ ಇಲಿಗಳ ಅನ್ನನಾಳದಲ್ಲಿ ಇದನ್ನು ನೋಡಿದರು. ಕೊಟ್ಟ ಪ್ರಮಾಣ 50 ಮಿಲಿಗ್ರೇ, ಮೂರು ನಾಲ್ಕು ಸಿ.ಟಿ. ಸ್ಕ್ಯಾನಿನಷ್ಟು. ಇಷ್ಟಕ್ಕೆ ಕೋಶಗಳು ಸಾಮೂಹಿಕವಾಗಿ ಸಾಯುವುದಿಲ್ಲ. ಆದರೆ ವಿಕಿರಣದಿಂದ ಹುಟ್ಟಿದ ಆಕ್ಸಿಡೇಟಿವ್ ಒತ್ತಡಕ್ಕೆ (ರ‍್ಯಾಡಿಕಲ್‌ಗಳು ಹೆಚ್ಚಾದ ಸ್ಥಿತಿಗೆ) ಆರೋಗ್ಯವಂತ ಮೂಲಕೋಶಗಳು ವಿಭಜನೆ ಬಿಟ್ಟು ಪ್ರೌಢವಾಗಿ ಮೇಲೆ ಹೊರಟವು. ಪಿ53 ಕೆಟ್ಟವು ಕದಲಲಿಲ್ಲ, ತೆರವಾದ ಜಾಗವನ್ನೆಲ್ಲ ಅವೇ ಹಿಡಿದವು. ಹೊಸ ಮ್ಯುಟೇಶನ್ ಒಂದೂ ಬೇಕಾಗಲಿಲ್ಲ. ಕಡಿಮೆ ವಿಕಿರಣದ ಅಪಾಯ ಎಂದರೆ ಡಿಎನ್‌ಎ ಕೆಡುವುದು ಎಂದಷ್ಟೇ ಲೆಕ್ಕ ಹಾಕುತ್ತಿದ್ದವರಿಗೆ ಇದು ಹೊಸ ಮಾತು: ಮೊದಲೇ ಕೆಟ್ಟಿದ್ದ ಕೋಶಕ್ಕೆ ಅದು ದಾರಿ ತೆರೆದುಕೊಡಬಲ್ಲದು.

ಮುಂದಿನ ಹೆಜ್ಜೆ ಇನ್ನೂ ಸ್ವಾರಸ್ಯ. ವಿಕಿರಣಕ್ಕೆ ಮುಂಚೆ ಇಲಿಗಳಿಗೆ ಎನ್-ಅಸಿಟೈಲ್ ಸಿಸ್ಟೀನ್ ಎಂಬ ಆಂಟಿಆಕ್ಸಿಡೆಂಟ್ (ರ‍್ಯಾಡಿಕಲ್‌ಗಳನ್ನು ತಣಿಸುವ ಔಷಧ) ಕೊಟ್ಟಾಗ ಆಟ ತಿರುಗಿತು. ಆರೋಗ್ಯವಂತ ಕೋಶಗಳು ಪಿ53 ಕೆಟ್ಟವನ್ನು ಹೊರದಬ್ಬಿದವು. ವಿಕಿರಣವಿಲ್ಲದೆ ಬರೀ ಔಷಧ ಕೊಟ್ಟರೆ ಈ ಫಲ ಬರಲಿಲ್ಲ.

ಇದನ್ನೋದಿ ಸ್ಕ್ಯಾನಿಗೆ ಹೋಗುವ ಮುಂಚೆ ಮಾತ್ರೆ ನುಂಗಲು ಹೊರಡಬೇಡಿ. ಇದು ಇಲಿಯಲ್ಲಿ, ಒಂದು ಅಂಗದಲ್ಲಿ, ಒಂದು ಪ್ರಮಾಣದಲ್ಲಿ ಕಂಡದ್ದು. ರೇಡಿಯೋಥೆರಪಿ ನಡೆಯುತ್ತಿರುವವರಂತೂ ಆಂಟಿಆಕ್ಸಿಡೆಂಟ್ ಮಾತ್ರೆಗಳನ್ನು ಸ್ವಂತ ಬುದ್ಧಿಯಿಂದ ತೆಗೆದುಕೊಳ್ಳಲೇಬಾರದು. ಗಡ್ಡೆಯನ್ನು ಕೊಲ್ಲುವುದು ಆ ರ‍್ಯಾಡಿಕಲ್‌ಗಳೇ. ತಲೆ ಮತ್ತು ಕುತ್ತಿಗೆ ಕ್ಯಾನ್ಸರಿನ 540 ರೋಗಿಗಳ ಮೇಲೆ ಕೆನಡಾದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವಿಟಮಿನ್ ಇ ಮತ್ತು ಬೀಟಾ ಕೆರೋಟಿನ್ ಅಡ್ಡಪರಿಣಾಮಗಳನ್ನು ತಗ್ಗಿಸಿದವು, ಜೊತೆಗೆ ಗಡ್ಡೆ ಮರುಕಳಿಸುವುದು ಹೆಚ್ಚುವ ಸೂಚನೆಯೂ ಕಂಡಿತು.

'ಚೂರು ವಿಕಿರಣ ಒಳ್ಳೆಯದು' ಎನ್ನುವುದರ ಮೂಲ

ಈ ಮಾತಿಗೆ ಆಧಾರ ಇಲ್ಲದಿಲ್ಲ. 1984ರಲ್ಲಿ ಒಲಿವಿಯೆರಿ, ಬಾಡಿಕೋಟ್ ಮತ್ತು ವುಲ್ಫ್ ಮನುಷ್ಯರ ಲಿಂಫೋಸೈಟುಗಳಿಗೆ ಮೊದಲು ತೀರಾ ಸಣ್ಣ ಪ್ರಮಾಣ ಕೊಟ್ಟು, ಆಮೇಲೆ 1.5 ಗ್ರೇ ಕೊಟ್ಟರು. ಕ್ರೋಮೋಸೋಮುಗಳ ಒಡಕು ನಿರೀಕ್ಷೆಗಿಂತ ಕಡಿಮೆಯಾಗಿತ್ತು. ಮೊದಲ ಪ್ರಮಾಣ ರಿಪೇರಿ ವ್ಯವಸ್ಥೆಯನ್ನು ಸಜ್ಜುಗೊಳಿಸಿತ್ತು. ಆದರೆ ಕಿಟಕಿ ಇಕ್ಕಟ್ಟು: ಮೊದಲ ಪ್ರಮಾಣ 100 ಮಿಲಿಗ್ರೇ ಮೀರಬಾರದು, ಎರಡರ ನಡುವೆ ನಾಲ್ಕಾರು ಗಂಟೆ ಇರಬೇಕು, ಫಲ ಕೆಲವೇ ಕೋಶಚಕ್ರ ಉಳಿಯುತ್ತದೆ, ಎಲ್ಲರ ರಕ್ತದಲ್ಲೂ ಕಾಣುವುದಿಲ್ಲ.

1992ರಲ್ಲಿ ನಾಗಸಾವಾ ಮತ್ತು ಲಿಟಲ್ ಇದರ ಇನ್ನೊಂದು ಮಗ್ಗುಲು ತೋರಿಸಿದರು. ಆಲ್ಫಾ ಕಣ ತಾಗಿದ್ದು ನೂರರಲ್ಲಿ ಒಂದಕ್ಕೂ ಕಡಿಮೆ ಕೋಶಗಳಿಗೆ, ಕ್ರೋಮೋಸೋಮಿನಲ್ಲಿ ಬದಲಾವಣೆ ಕಂಡಿದ್ದು ಸುಮಾರು 30ರಲ್ಲಿ. ಪೆಟ್ಟು ತಿಂದ ಕೋಶ ನೆರೆಯವರಿಗೂ ಸಂಕೇತ ಕಳಿಸುತ್ತದೆ ಎಂದಾಯಿತು. ಒಂದು ಪ್ರಯೋಗ ವಿಕಿರಣವನ್ನು ಮೃದುವಾಗಿಸಿತು, ಇನ್ನೊಂದು ಕಟುವಾಗಿಸಿತು. ಒಂದನ್ನಷ್ಟೇ ಉದ್ಧರಿಸಿ ಭಾಷಣ ಮಾಡುವುದು ಎರಡೂ ಪಕ್ಷದವರ ಚಾಳಿ.

ಜರ್ಮನಿಯಲ್ಲಿ ಹಿಮ್ಮಡಿ ನೋವು, ಕೀಲು ಸವೆತಕ್ಕೆ ಒಂದು ಸಲಕ್ಕೆ 0.5ರಿಂದ 1 ಗ್ರೇ, ಒಟ್ಟು 3ರಿಂದ 6 ಗ್ರೇ ಕೊಡುವ ಪದ್ಧತಿ ಇದೆ. ಈ ಪ್ರಮಾಣದಲ್ಲಿ ಬಿಳಿರಕ್ತಕಣಗಳು ರಕ್ತನಾಳದ ಗೋಡೆಗೆ ಅಂಟುವುದು ಕಡಿಮೆಯಾಗಿ ಉರಿಯೂತ ಇಳಿಯುತ್ತದೆ. ಆದರೂ ಕೈ ಮತ್ತು ಮಂಡಿಯ ಸವೆತಕ್ಕೆ ನೆದರ್ಲೆಂಡ್ಸಿನಲ್ಲಿ ಸುಳ್ಳು ಚಿಕಿತ್ಸೆಯೊಂದಿಗೆ ಹೋಲಿಸಿ ನೋಡಿದಾಗ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ.

ಜನರ ಲೆಕ್ಕ

ಕೋಶದಿಂದ ಮನುಷ್ಯನಿಗೆ ಬಂದರೆ, ವಿಕಿರಣದ ಅಪಾಯವನ್ನು ಅಳೆಯುವ ಅಮೆರಿಕದ ಬಿಇಐಆರ್-7 ಸಮಿತಿ 2006ರಲ್ಲಿ ಹೀಗೆ ಅಂದಾಜಿಸಿತು: ನೂರು ಜನರಲ್ಲಿ 42 ಮಂದಿಗೆ ಹೇಗೂ ಜೀವಮಾನದಲ್ಲಿ ಕ್ಯಾನ್ಸರ್ ಬರುತ್ತದೆ, ಆ ನೂರೂ ಜನರಿಗೆ 100 ಮಿಲಿಸೀವರ್ಟ್ ಬಿದ್ದರೆ ಇನ್ನೊಬ್ಬರಿಗೆ ಬರಬಹುದು. (ಸೀವರ್ಟ್ ಎಂದರೆ ದೇಹಕ್ಕಾಗುವ ಅಪಾಯಕ್ಕೆ ತಕ್ಕಂತೆ ತೂಗಿದ ಪ್ರಮಾಣ; ಇಡೀ ದೇಹಕ್ಕೆ ಒಂದೇ ಸಮ ಬಿದ್ದ ಎಕ್ಸ್‌ರೇಗೆ 1 ಮಿಲಿಸೀವರ್ಟ್ ಅಂದರೆ 1 ಮಿಲಿಗ್ರೇ.) ಫ್ರಾನ್ಸ್, ಬ್ರಿಟನ್, ಅಮೆರಿಕದ ಸುಮಾರು 3.1 ಲಕ್ಷ ಅಣು ಉದ್ಯಮ ಕಾರ್ಮಿಕರ 2023ರ ಅಧ್ಯಯನದಲ್ಲಿ ಗಡ್ಡೆ ಕ್ಯಾನ್ಸರಿನ ಸಾವು ಪ್ರತಿ ಗ್ರೇಗೆ ಶೇ. 52ರಷ್ಟು ಹೆಚ್ಚುವ ಲೆಕ್ಕ ಬಂತು, 100 ಮಿಲಿಗ್ರೇ ಒಳಗಿನವರನ್ನಷ್ಟೇ ನೋಡಿದರೂ ಏರಿಕೆ ಮಾಯವಾಗಲಿಲ್ಲ. ಅತ್ತ ಕೇರಳದ ಕರುನಾಗಪಳ್ಳಿಯ ಮೋನಜೈಟ್ ಮರಳಿನ ಕರಾವಳಿಯಲ್ಲಿ, ಥೋರಿಯಂನಿಂದಾಗಿ ಹುಟ್ಟಿನಿಂದಲೇ ಹೆಚ್ಚು ವಿಕಿರಣದಲ್ಲಿ ಬದುಕುವ ಸುಮಾರು 70,000 ಜನರ 2009ರ ವರದಿಯಲ್ಲಿ ಕ್ಯಾನ್ಸರ್ ಹೆಚ್ಚಿದ್ದು ಕಾಣಲಿಲ್ಲ. ನಮ್ಮ ಉಳ್ಳಾಲದ ಮರಳಿನಲ್ಲೂ ಮೋನಜೈಟ್ ಇದೆ. ಎರಡು ವರದಿಗಳೂ ಪರಸ್ಪರ ಸುಳ್ಳು ಮಾಡುವುದಿಲ್ಲ. ಅಪಾಯ ಇಷ್ಟು ಚಿಕ್ಕದಾದಾಗ ಅದನ್ನು ಹಿಡಿಯಲು 70,000 ಜನ, ಒಂದು ದಶಕ ಸಾಲದು. ನಿಧಾನವಾಗಿ ಬೀಳುವ ವಿಕಿರಣಕ್ಕೆ ರಿಪೇರಿಯ ಅವಕಾಶವೂ ಹೆಚ್ಚು.

ಚಿಕಿತ್ಸೆಯಲ್ಲಿ ಇದರ ನೆರಳು ಇನ್ನೊಂದು ಕಡೆ ಬೀಳುತ್ತದೆ. ಈಗಿನ ಯಂತ್ರಗಳು ಸುತ್ತ ತಿರುಗುತ್ತ ಹಲವು ಕೋನಗಳಿಂದ ಕಿರಣ ಬಿಡುವುದರಿಂದ ಗಡ್ಡೆಯ ಮೇಲೆ ಪ್ರಮಾಣ ಕರಾರುವಾಕ್ಕಾಗಿ ಕೂರುತ್ತದೆ, ಆದರೆ ಸುತ್ತಲಿನ ದೊಡ್ಡ ಭಾಗಕ್ಕೆ ಕಡಿಮೆ ಪ್ರಮಾಣದ ಸ್ನಾನವಾಗುತ್ತದೆ. ಅದಕ್ಕೇ ಶ್ವಾಸಕೋಶದ ಚಿಕಿತ್ಸೆಯ ಯೋಜನೆಯಲ್ಲಿ 20 ಗ್ರೇ ಬೀಳುವ ಭಾಗ ಶೇ. 30–35 ಮೀರದಂತೆ ನೋಡುವುದರ ಜೊತೆಗೆ, ಬರೀ 5 ಗ್ರೇ ಬೀಳುವ ಭಾಗವೂ ಶೇ. 60–65ರೊಳಗೆ ಇರುವಂತೆ ನೋಡುತ್ತಾರೆ. ಇಲ್ಲದಿದ್ದರೆ ಕೆಲವು ತಿಂಗಳ ಮೇಲೆ ಶ್ವಾಸಕೋಶದ ಉರಿಯೂತ ಕಾಣಿಸಿಕೊಳ್ಳಬಹುದು.

ಸ್ಕ್ಯಾನ್ ಮಾಡಿಸಿದವರು ತಮಗೆ ಎಷ್ಟು ಬಿತ್ತು ಎಂದು ತಾವೇ ಅಂದಾಜು ಮಾಡಿಕೊಳ್ಳಬಹುದು. ಸಿ.ಟಿ. ಚಿತ್ರಗಳ ಜೊತೆ ಬರುವ ಡೋಸ್ ಪುಟದಲ್ಲಿ ಡಿಎಲ್‌ಪಿ ಎಂಬ ಸಂಖ್ಯೆ (ಪ್ರಮಾಣವನ್ನು ಸ್ಕ್ಯಾನ್ ಆದ ಉದ್ದದಿಂದ ಗುಣಿಸಿದ್ದು) ಇರುತ್ತದೆ. ವಯಸ್ಕರಾದರೆ ಅದನ್ನು ಹೊಟ್ಟೆಗೆ 0.015ರಿಂದ, ಎದೆಗೆ 0.014ರಿಂದ, ತಲೆಗೆ 0.0021ರಿಂದ ಗುಣಿಸಿದರೆ ಮಿಲಿಸೀವರ್ಟ್ ಸಿಗುತ್ತದೆ. ಹೊಟ್ಟೆಯ ಡಿಎಲ್‌ಪಿ 600 ಇದ್ದರೆ 9 ಮಿಲಿಸೀವರ್ಟ್. ಪ್ರಕೃತಿಯಿಂದಲೇ ನಮಗೆ ವರ್ಷಕ್ಕೆ ಸರಾಸರಿ 2.4 ಬೀಳುತ್ತದೆ, ಅಂದರೆ ನಾಲ್ಕು ವರ್ಷದ್ದು ಒಂದೇ ಸಲಕ್ಕೆ. ಅಪೆಂಡಿಕ್ಸ್ ಒಡೆದಿದೆಯೇ ಎಂದು ತಿಳಿಯಲು ಇದು ದುಬಾರಿಯಲ್ಲ, ಹಳೆಯ ಸಿ.ಡಿ. ಮನೆಯಲ್ಲೇ ಬಿಟ್ಟುಬಂದದ್ದಕ್ಕೆ ಮತ್ತೊಮ್ಮೆ ಮಾಡಿಸುವುದಾದರೆ ದುಬಾರಿ. ಮಕ್ಕಳಿಗೆ ಗುಣಕವೇ ಬೇರೆ: ಐದು ವರ್ಷದ ಮಗುವಿನ ಹೊಟ್ಟೆಗೆ 0.020, ಒಂದು ವರ್ಷದ ಮಗುವಿಗೆ 0.030. ದೊಡ್ಡವರ ಸೆಟ್ಟಿಂಗಿನಲ್ಲೇ ಮಗುವನ್ನು ಮಲಗಿಸಿದರೆ ಅದೇ ಡಿಎಲ್‌ಪಿಗೆ ಇಮ್ಮಡಿಯವರೆಗೆ ಬೀಳುತ್ತದೆ, ಆದ್ದರಿಂದ ಕಿಲೋವೋಲ್ಟ್, ಮಿಲಿಆಂಪಿಯರ್ ಮಗುವಿನ ಗಾತ್ರಕ್ಕೆ ಇಳಿಸಿದ್ದಾರೆಯೇ ಎಂದು ಟೆಕ್ನಿಷಿಯನ್ನರನ್ನು ಸ್ಕ್ಯಾನ್ ಶುರುವಾಗುವ ಮೊದಲೇ ಕೇಳಬೇಕು.